ನಾಲ್ಕು ವರ್ಷದ ಮಗಳು ಯಾರಿಗೂ ಏನೂ ಕೊಡಲ್ಲ. ಹಂಚಿಕೊಳ್ಳೋದನ್ನ ಹೇಗೆ ಕಲಿಸಲಿ?

ಆಟದ ಸಾಮಾನು ಯಾರಾದರೂ ಮುಟ್ಟಿದರೆ ಅಳುತ್ತಾಳೆ, ಚಾಕೊಲೇಟ್ ಕೊಡ್ತೀನಿ ಅಂದರೆ ಮಾತ್ರ ಕೊಡುತ್ತಾಳೆ ಅಂತ ಬರೆದಿದ್ದೀರಿ. ಮೊದಲು ಆ ಚಾಕೊಲೇಟ್ ನಿಲ್ಲಿಸಿ.

ನಾನು ದಾವಣಗೆರೆ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ಮೂರರಿಂದ ಆರು ವರ್ಷದ ಮಕ್ಕಳ ಜೊತೆಗೇ ನನ್ನ ದಿನ ಕಳೆಯುತ್ತದೆ. ಸೇರಿದ ಹೊಸದರಲ್ಲಿ ಒಂದು ತಪ್ಪು ಮಾಡಿದೆ. ಒಬ್ಬ ಹುಡುಗ ಮನೆಯಿಂದ ಖಾರ ಮಂಡಕ್ಕಿ ಪೊಟ್ಟಣ ತಂದಿದ್ದ. ಗೋಡೆ ಕಡೆ ಮುಖ ಮಾಡಿ ಒಬ್ಬನೇ ತಿನ್ನುತ್ತಿದ್ದ. "ಎಲ್ಲರಿಗೂ ಕೊಟ್ಟು ತಿನ್ನಬೇಕು ಅಲ್ವಾ" ಅಂತ ಅವನ ಕೈಯಿಂದ ಇಸ್ಕೊಂಡು ನಾನೇ ಹಂಚಿಬಿಟ್ಟೆ. ಅವನು ಅಳಲಿಲ್ಲ. ಆದರೆ ಆಮೇಲೆ ಎಷ್ಟೋ ದಿನ ಚೀಲವನ್ನು ತೊಡೆ ಕೆಳಗೆ ಒತ್ತಿಕೊಂಡೇ ಕೂರುತ್ತಿದ್ದ. ಬಚ್ಚಿಡುವುದನ್ನು ಅವನಿಗೆ ಕಲಿಸಿದವಳು ನಾನು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ಅಲ್ಲಿಂದ ಈಚೆಗೆ ಕಿತ್ತುಕೊಳ್ಳುವುದಿಲ್ಲ, ಕೇಳುತ್ತೇನೆ. "ಇದರಲ್ಲಿ ನಿನಗೆಷ್ಟು, ಅವಳಿಗೆಷ್ಟು? ನೀನೇ ಹೇಳು." ನಾಲ್ಕು ಕಾಳು ಅಂದರೆ ನಾಲ್ಕೇ ಕಾಳು. ಇಲ್ಲ ಅಂದರೆ ಇಲ್ಲ. ಈ 'ಇಲ್ಲ'ವನ್ನು ಒಪ್ಪಿಕೊಳ್ಳುವುದೇ ದೊಡ್ಡವರಿಗೆ ಕಷ್ಟ. ನಂದು ಅಂತ ಒಂದು ಇದ್ದರೆ ತಾನೇ ಕೊಡೋಕೆ ಆಗೋದು? ಮನೆಗೆ ಬೇರೆ ಮಕ್ಕಳು ಬರುವ ಮೊದಲು ಅವಳನ್ನೇ ಕೇಳಿ, ಯಾವ ಬೊಂಬೆ ಬೀರುವಿನಲ್ಲಿಡೋಣ ಅಂತ. ಅದು ಅವಳೊಬ್ಬಳದೇ. ಉಳಿದದ್ದು ಎಲ್ಲರ ಆಟಕ್ಕೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. 2013ರಲ್ಲಿ ಚೆರ್ನ್ಯಾಕ್ ಮತ್ತು ಕುಶ್ನಿರ್ ಎಂಬ ಸಂಶೋಧಕರು ಪುಟ್ಟ ಮಕ್ಕಳ ಕೈಗೆ ಸ್ಟಿಕ್ಕರ್ ಕೊಟ್ಟರು. ಅದನ್ನು ಬೊಂಬೆಗೆ ಕೊಡುವುದೋ ತಾವೇ ಇಟ್ಟುಕೊಳ್ಳುವುದೋ ಅಂತ ಯೋಚಿಸಿ ತಾವೇ ಕೊಟ್ಟ ಮಕ್ಕಳು ಮುಂದಿನ ಸಲ ಜಾಸ್ತಿ ಕೊಟ್ಟರು. ಕೊಡಲೇಬೇಕು ಅನ್ನಿಸಿಕೊಂಡ ಮಕ್ಕಳು ಅಷ್ಟು ಕೊಡಲಿಲ್ಲ. ನಿಮ್ಮ ಚಾಕೊಲೇಟಿಗೂ ಉತ್ತರ ಇದೆ. ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ 20 ತಿಂಗಳ ಮಕ್ಕಳನ್ನು ನೋಡಿದರು. ಸಹಾಯ ಮಾಡಿದ್ದಕ್ಕೆ ಆಟಿಕೆ ಪಡೆದ ಮಕ್ಕಳು ಆಮೇಲೆ ಸಹಾಯ ಮಾಡುವುದು ಕಡಿಮೆಯಾಯಿತು. ಏನೂ ಸಿಗದ ಮಕ್ಕಳು ಮೊದಲಿನ ಹಾಗೇ ಕೈಜೋಡಿಸುತ್ತಿದ್ದರು.

ಅಂದರೆ ಸಹಾಯ ಮಾಡುವ ಆಸೆ ಮಕ್ಕಳಲ್ಲಿ ಮೊದಲೇ ಇರುತ್ತದೆ. ನಾವೇ "ಬಿಡು, ನೀನು ಚೆಲ್ತೀಯ" ಅಂತ ಕೂರಿಸುತ್ತೇವೆ. ನಮ್ಮಲ್ಲಿ ಊಟದ ಹೊತ್ತಿಗೆ ತಟ್ಟೆ ಇಡುವುದು ಮಕ್ಕಳೇ. ನಿಧಾನ ಆಗುತ್ತದೆ, ಆಗಲಿ.

ನನ್ನ ಮಗಳಿಗೆ ಐದು ವರ್ಷ ಇದ್ದಾಗ ನಾಯಕನಹಟ್ಟಿ ತಿಪ್ಪೇಸ್ವಾಮಿ ಜಾತ್ರೆಗೆ ನಡೆದು ಹೋಗುವವರಿಗೆ ನಮ್ಮ ಬಳಗದವರು ದಾರಿಯಲ್ಲಿ ಮಜ್ಜಿಗೆ ಕೊಡುತ್ತಿದ್ದರು. "ಮಾಡಿದಷ್ಟು ನೀಡು ಭಿಕ್ಷೆ" ಅಂದ ಸ್ವಾಮಿಯ ಜಾತ್ರೆ ಅದು. ಬಿಸಿಲು ಅಂದರೆ ಬಿಸಿಲು. ಲೋಟ ಕೊಡುವ ಕೆಲಸ ಅವಳಿಗೆ ಬಿಟ್ಟೆವು. ಅರ್ಧ ಅವಳ ಲಂಗದ ಮೇಲೇ ಚೆಲ್ಲಿತು. ಒಬ್ಬ ಅಜ್ಜ ಕುಡಿದು, ಅವಳ ಗಲ್ಲ ಹಿಡಿದು, "ನಿನ್ನ ಹೊಟ್ಟೆ ತಣ್ಣಗಿರಲಿ ನನ್ನವ್ವ" ಅಂದರು. ಮನೆಗೆ ಬಂದು ಮಲಗುವಾಗ ಅವಳು ಕೇಳಿದ್ದು ಒಂದೇ: "ನಾಳೆನೂ ಹೋಗೋಣೇನಮ್ಮ?"

ದಸರಾ ಬಂದಾಗ ಬನ್ನಿ ಕೊಡುವ ಕೆಲಸ ಪೂರ್ತಿ ನಿಮ್ಮ ಮಗಳಿಗೇ ಬಿಡಿ. "ಬಂಗಾರದಂಗೆ ಇರೋಣ" ಅಂತ ಪಕ್ಕದ ಮನೆಯವರಿಗೆ, ಕಸದ ಗಾಡಿಯಲ್ಲಿ ಬರುವ ಅಣ್ಣನಿಗೆ, ಮೊನ್ನೆ ಜಗಳ ಆಡಿದ ಗೆಳತಿಗೂ ಅವಳ ಕೈಯಿಂದಲೇ ಹೋಗಲಿ. ಮುರಿದ ಆಟಿಕೆ, ಹರಿದ ಬಟ್ಟೆ ಮಾತ್ರ ಅವಳ ಕೈಯಲ್ಲಿ ಯಾರಿಗೂ ಕೊಡಿಸಬೇಡಿ.

ಅಲ್ಲಿಯವರೆಗೆ ಕಾಯಬೇಕಿಲ್ಲ. ಇವತ್ತು ಸಂಜೆ ಪಕ್ಕದ ಮನೆ ಮಗುವನ್ನು ಕರೆಯಿರಿ. ನೆಲದ ಮೇಲೆ ಪೇಪರ್ ಹಾಸಿ ಮಂಡಕ್ಕಿ ಸುರಿಯಿರಿ. ಎರಡೇ ಎರಡು ಮಿರ್ಚಿ ಮಗಳ ಕೈಗೆ ಕೊಟ್ಟು, ನೀವು ಸುಮ್ನೆ ಕೂತ್ಕೊಳ್ಳಿ.