ಮಸಾಜ್ ತರಬೇತಿ ಕ್ಲಿನಿಕ್‌ನಲ್ಲಿ ರೋಗಿಯನ್ನು ಮುಟ್ಟುವ ಮೊದಲು ಏನು ಗಮನಿಸಬೇಕು?

ಬಾಗಲಕೋಟೆಯ ತರಬೇತಿ ಕ್ಲಿನಿಕ್‌ನಲ್ಲಿ ಮಸಾಜ್ ಶುರು ಮಾಡುವ ಮುನ್ನ ಏನು ನೋಡಲಿ ಎಂದು ಕೇಳಿದ್ದೀರಿ. ಮೊದಲು ಮಾತಾಡಿಸಿ. ಬಿಪಿ, ಶುಗರ್, ಆಪರೇಷನ್, ರಕ್ತ ತೆಳು ಮಾಡುವ ಮಾತ್ರೆ, ಎಲ್ಲ ಕೇಳಿ ಬರೆದುಕೊಳ್ಳಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ದಯವಿಟ್ಟು ಕೈ ಹಚ್ಚಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು, ಜೀವಕ್ಕೇ ಅಪಾಯ. ತಕ್ಷಣ ಮೇಲ್ವಿಚಾರಕರನ್ನು ಕರೆಯಿರಿ, ಡಾಕ್ಟರ್ ಹತ್ತಿರ ಕಳಿಸಿ. ಕಲಿಯುವವರು ಹೀಗೆ ಕರೆಯಲು ಹಿಂಜರಿಯಬಾರದು, ಅಲ್ವಾ?

ಶುಗರ್ ಇದ್ದವರ ಪಾದ ಜೋಮು ಹಿಡಿದಿರಬಹುದು. ಅಲ್ಲಿ ಜಾಸ್ತಿ ಒತ್ತಬೇಡಿ, ಬಿಸಿ ಎಣ್ಣೆಯೂ ಬೇಡ.

ಇಳಕಲ್‌ನ ನೇಕಾರರು ಹೆಗಲು ನೋವೆಂದು ಬಂದು "ಗಟ್ಟಿಯಾಗಿ ಒತ್ರಿ" ಅನ್ನಬಹುದು. ಆದರೂ ಹಗುರವಾಗಿ ಶುರು ಮಾಡಿ, ಕೇಳುತ್ತಾ ಒತ್ತಡ ಹೆಚ್ಚಿಸಿ. "ಸಾಕು" ಅಂದರೆ ಅಲ್ಲಿಗೇ ನಿಲ್ಲಿಸಿ.