ಗರ್ಭಪಾತದ ಕಾನೂನು ಹೆಂಗಸಿನ ತೀರ್ಮಾನವನ್ನು ಬದಲಾಯಿಸುತ್ತದಾ?

ಕಾನೂನು ಬಿಗಿಯಾದರೆ ಹೆಂಗಸರು ಬೇಡದ ಬಸುರನ್ನೂ ಉಳಿಸಿಕೊಳ್ಳುತ್ತಾರಾ ಅಂತ ಕೇಳಿದ್ದೀರಿ. ನಾನು ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ತೆಗೆಸಲೇಬೇಕು ಅಂತ ಗಟ್ಟಿಮನಸ್ಸು ಮಾಡಿ ಬಂದವಳು ಕಾನೂನು ಕೇಳಿ ಮನಸ್ಸು ಬದಲಾಯಿಸಿದ್ದನ್ನು ನಾನು ಕಂಡಿದ್ದು ತೀರಾ ಕಡಿಮೆ. ಎಷ್ಟನೇ ವಾರಕ್ಕೆ ಹೋಗುತ್ತಾಳೆ, ಯಾರ ಹತ್ತಿರ ಹೋಗುತ್ತಾಳೆ ಅನ್ನುವುದು ಮಾತ್ರ ಬದಲಾಗುತ್ತದೆ, ಜೀವಕ್ಕೆ ಅಪಾಯ ಬರುವುದೂ ಅಲ್ಲೇ.

ನಮ್ಮಲ್ಲಿರುವುದು 1971ರ ಎಂಟಿಪಿ ಕಾಯ್ದೆ, ಅಂದರೆ ಡಾಕ್ಟರ್ ಮೂಲಕ ಗರ್ಭಪಾತ ಮಾಡಿಸಿಕೊಳ್ಳುವುದರ ಕಾನೂನು; 2021ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು. 20 ವಾರದವರೆಗೆ ಒಬ್ಬ ಡಾಕ್ಟರ್ ಒಪ್ಪಿದರೆ ಸಾಕು. 24 ವಾರದವರೆಗೆ ಇಬ್ಬರು ಒಪ್ಪಬೇಕು, ಅದೂ ಅತ್ಯಾಚಾರಕ್ಕೆ ಒಳಗಾದವರು, 18 ತುಂಬದವರು, ಬಸುರಿಯಿದ್ದಾಗಲೇ ಗಂಡ ತೀರಿಕೊಂಡವರು, ಹೀಗೆ ಕೆಲವರಿಗೆ ಮಾತ್ರ.

ಈಗ ಗಂಡನ ಸಹಿ ವಿಷಯಕ್ಕೆ ಬರ್ತೀನಿ, ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲೇ. 18 ತುಂಬಿದ ಹೆಂಗಸಾದರೆ ಅವಳ ಒಪ್ಪಿಗೆ ಒಂದೇ ಸಾಕು, 18 ತುಂಬದವರಿಗೆ ಮತ್ತು ಮಾನಸಿಕ ಕಾಯಿಲೆ ಇದ್ದವರಿಗೆ ಮಾತ್ರ ಪೋಷಕರ ಒಪ್ಪಿಗೆ ಬೇಕು ಅಂತ ಕಾಯ್ದೆ ಹೇಳುತ್ತದೆ. ಆದರೂ ಎಷ್ಟೋ ಕಡೆ "ಯಜಮಾನ್ರನ್ನ ಕರ್ಕೊಂಡು ಬನ್ನಿ" ಅಂತ ವಾಪಸ್ ಕಳಿಸುತ್ತಾರೆ. ಗಂಡನಿಗೆ ಗೊತ್ತಾಗಬಾರದು ಅಂತಲೇ ಒಬ್ಬಳೇ ಬಂದವಳು ಏನು ಮಾಡಬೇಕು? ಮನೆಗೆ ಹೋಗಿ ಸುಮ್ಮನಾಗುತ್ತಾಳೆ, ವಾರಗಳು ಓಡುತ್ತವೆ, ಆಮೇಲೆ ಒಂದೋ ಹೆರುತ್ತಾಳೆ, ಇಲ್ಲವೇ ಯಾರ ಕೈಯಲ್ಲೋ ಮಾತ್ರೆ ತರಿಸಿಕೊಂಡು ರಕ್ತ ಹೋಗುವುದು ನಿಲ್ಲದೆ ರಾತ್ರೋರಾತ್ರಿ ನಮ್ಮ ಹತ್ತಿರವೇ ಬರುತ್ತಾಳೆ. ಪುಸ್ತಕದಲ್ಲಿ ಇಲ್ಲದ ರೂಲ್ಸು ಇಷ್ಟು ಕೆಲಸ ಮಾಡುತ್ತದೆ.

ಮದುವೆ ಆಗದ ಹುಡುಗಿಯರ ಪಾಡಂತೂ ಕೇಳಲೇಬೇಡಿ. 24 ವಾರದ ಅವಕಾಶದಲ್ಲಿ ಮದುವೆಯಾದವರು, ಆಗದವರು ಅಂತ ಭೇದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿತು. ಆ ತೀರ್ಪು ಬಂದಿದ್ದೇ ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ.

ವಾರದ ಲೆಕ್ಕ ಎಷ್ಟು ಕಠಿಣ ಅನ್ನುವುದಕ್ಕೆ 2023ರ ಅಕ್ಟೋಬರ್‌ನ ಕೇಸ್ ನೋಡಿ. ಎರಡು ಮಕ್ಕಳ ತಾಯಿ, ಮಗುವಿಗೆ ಹಾಲು ಕುಡಿಸುತ್ತಿದ್ದುದರಿಂದ ಮುಟ್ಟು ಆಗಿರಲಿಲ್ಲ, ಬಸುರಿ ಅಂತ ತಿಳಿದದ್ದೇ ತಡವಾಗಿ. ಬಾಣಂತನದ ಮಾನಸಿಕ ಕಾಯಿಲೆಗೆ ಮಾತ್ರೆ ಬೇರೆ ತೆಗೆದುಕೊಳ್ಳುತ್ತಿದ್ದರು. ಸುಪ್ರೀಂ ಕೋರ್ಟ್ ಮೊದಲು ಒಪ್ಪಿತು, ವಾರ ಕಳೆಯುವಷ್ಟರಲ್ಲಿ, 24 ವಾರ ದಾಟಿದೆ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಮಗುವಿಗೂ ತೊಂದರೆ ಇಲ್ಲ ಅಂತ ನಿರಾಕರಿಸಿತು. ಹಾಲು ಕುಡಿಸುವಾಗ ಹೀಗೆ ಯಾರಿಗೆ ಬೇಕಾದರೂ ಆಗಬಹುದು, ಅಲ್ವಾ?

ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಬೇಕೇ ಬೇಕು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದ ಸುದ್ದಿ ಓದಿ ನನಗೆ ಹೊಟ್ಟೆ ಉರಿದಿತ್ತು. ಆದರೆ ಆ ಕಾಯ್ದೆಯಡಿ ಕೇಸು ಬೀಳುತ್ತದೆ ಅನ್ನುವ ಭಯದಿಂದ, ಒಂದು ಹೆಣ್ಣುಮಗು ಇರುವವಳು ನ್ಯಾಯವಾದ ಕಾರಣಕ್ಕೆ ಬಂದರೂ ಅನುಮಾನದಿಂದ ನೋಡುವವರಿದ್ದಾರೆ.

ಇದು ನಿಮಗೋ ನಿಮ್ಮವರಿಗೋ ಬೇಕಾಗಿದ್ದರೆ, ಮುಟ್ಟು ತಪ್ಪಿದ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಾತ್ರೆಯಲ್ಲಿ ಆಗುವುದು 9 ವಾರದೊಳಗೆ, ಅದೂ ಡಾಕ್ಟರ್ ನೋಡಿದ ಮೇಲೆ. ಬಸುರು ಗರ್ಭಕೋಶದ ಬದಲು ಅದರ ಪಕ್ಕದ ಟ್ಯೂಬಿನಲ್ಲಿ ಕಟ್ಟಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ಟ್ಯೂಬ್ ಒಡೆದರೆ ಪ್ರಾಣಕ್ಕೇ ಕುತ್ತು. ಗಂಡನ ಸಹಿ ಕೇಳಿದರೆ ಕಾಯ್ದೆಯಲ್ಲಿ ಎಲ್ಲಿದೆ ತೋರಿಸಿ ಅನ್ನಿ. ಹೆಸರು ಹೊರಗೆ ಬರುತ್ತದೆ ಅಂತ ಹೆದರಬೇಡಿ, ಅನಧಿಕೃತವಾಗಿ ಅದನ್ನು ಬಯಲು ಮಾಡಿದವರಿಗೆ ಒಂದು ವರ್ಷದವರೆಗೆ ಜೈಲು ಇದೆ.