ಇಕೋ ಒತ್ತಿದ್ರೆ ಕಾರು ಮಂಕಾಗೋದ್ಯಾಕೆ?

ಪ್ರಶ್ನೆ: ಮೊನ್ನೆ ಧರ್ಮಸ್ಥಳದಿಂದ ವಾಪಸ್ ಬರ್ತಾ ಶಿರಾಡಿ ಘಾಟಿ ಹತ್ತುವಾಗ ನಮ್ಮ ಹೊಸ ಪೆಟ್ರೋಲ್ ಆಟೋಮ್ಯಾಟಿಕ್ ಕಾರು ಒಂದು ಲಾರಿ ದಾಟೋಕೆ ಒದ್ದಾಡಿಬಿಡ್ತು, ಜೀವ ಬಾಯಿಗೆ ಬಂತು. ನಮ್ಮನೆಯವರು ಕಾರು ತಂದ ದಿನದಿಂದ ಇಕೋ ಮೋಡ್ ತೆಗೆದೇ ಇಲ್ಲ, ಇಂಜಿನ್‌ಗೆ ಪೆಟ್ರೋಲ್ ಕಮ್ಮಿ ಹೋಗತ್ತೆ ಅಂತಾರೆ. ಎಸಿನೂ ಸರಿಯಾಗಿ ತಣ್ಣಗಾಗಲ್ಲ. ನಿಜವಾಗ್ಲೂ ಉಳಿತಾಯ ಆಗತ್ತಾ?
– ಹೆಸರು ಬೇಡ, ಹಾಸನ

ಉತ್ತರ: ನಿಮ್ಮನೆಯವರು ಹೇಳೋದ್ರಲ್ಲಿ ಅರ್ಧ ನಿಜ ಇದೆ ಮೇಡಂ, ಆದ್ರೆ ಶಿರಾಡೀಲಿ ಇಕೋ ಇಟ್ಕೊಂಡಿದ್ದು ಮಾತ್ರ ತಪ್ಪು. ಹಳೆ ಕಾರುಗಳಲ್ಲಿ ಆಕ್ಸಿಲರೇಟರ್‌ನಿಂದ ಇಂಜಿನ್‌ಗೆ ಒಂದು ಕೇಬಲ್ ಇರ್ತಿತ್ತು, ಕಾಲು ಎಷ್ಟು ಒತ್ತುತ್ತೋ ಥ್ರಾಟಲ್ (ಇಂಜಿನ್‌ಗೆ ಗಾಳಿ ಬಿಡೋ ಬಾಗಿಲು) ಅಷ್ಟು ತೆರ್ಕೊಳೋದು. ಈಗ ಕೇಬಲ್ ಇಲ್ಲ, ಪೆಡಲ್ ಹತ್ರ ಒಂದು ಸೆನ್ಸರ್ ಇರತ್ತೆ, ಅದು ಕಂಪ್ಯೂಟರ್‌ಗೆ ಹೇಳತ್ತೆ, ಎಷ್ಟು ತೆಗೀಬೇಕು ಅಂತ ಕಂಪ್ಯೂಟರ್ರೇ ತೀರ್ಮಾನ ಮಾಡತ್ತೆ. ಇಕೋದಲ್ಲಿ ನೀವು ಅರ್ಧ ಒತ್ತಿದ್ರೂ ಅದು ಸ್ವಲ್ಪ ಒತ್ತಿದ ಹಾಗೆ ನಡ್ಕೊಳತ್ತೆ, ಗೇರ್ ಬೇಗ ಬೇಗ ಮೇಲಕ್ಕೆ ಹಾಕತ್ತೆ, ತುಂಬಾ ಕಾರುಗಳಲ್ಲಿ ಎಸಿ ಕಂಪ್ರೆಸರ್‌ಗೂ ಕಡಿವಾಣ ಹಾಕತ್ತೆ, ನಿಮಗೆ ಸೆಕೆ ಆಗಿದ್ದು ಅದಕ್ಕೇ. ಅಂದ್ರೆ ಸಮಾಧಾನ ಮಾಡ್ತಿರೋದು ಇಂಜಿನ್ನನ್ನಲ್ಲ, ನಿಮ್ಮೆಜಮಾನ್ರ ಕಾಲನ್ನ.

ನಂಬಿಕೆ ಬರ್ಲಿಲ್ಲ ಅಂದ್ರೆ ಖಾಲಿ ರಸ್ತೇಲಿ 50ರಲ್ಲಿ ಹೋಗ್ತಾ ಕಾಲು ಒಂಚೂರೂ ಅಲ್ಲಾಡಿಸದೆ ಇಕೋದಿಂದ ಚುರುಕಾಗಿ ಓಡಿಸೋ ಸ್ಪೋರ್ಟ್ ಮೋಡ್‌ಗೆ ಹಾಕಿ ನೋಡಿ, ಹಿಂದಿಂದ ಯಾರೋ ತಳ್ಳಿದ ಹಾಗೆ ಕಾರು ಮುಂದಕ್ಕೆ ಹೋಗತ್ತೆ.

ಊರೊಳಗೆ, ಸಿಗ್ನಲ್ ಟು ಸಿಗ್ನಲ್ ಓಡಾಟದಲ್ಲಿ, ಅದೂ ಕಾಲು ಜೋರಿರೋರಿಗೆ ಇಕೋದಿಂದ ಉಪಯೋಗ ಇದೆ. ಘಾಟೀಲಿ ಉಲ್ಟಾ. ಏರಕ್ಕೆ ಕೆಳಗಿನ ಗೇರ್ ಬೇಕು, ಇಕೋ ಮೇಲಿನ ಗೇರಲ್ಲೇ ಎಳೆಸತ್ತೆ, ನೀವು ಸಿಟ್ಟಲ್ಲಿ ಪೂರ್ತಿ ಒತ್ತಿದ ಮೇಲೆ ಒಂದು ಕ್ಷಣ ಯೋಚನೆ ಮಾಡಿ ದಢಕ್ಕಂತ ಎರಡು ಗೇರ್ ಇಳಿಸತ್ತೆ, ತಿರುವು ದಾಟಿದ ತಕ್ಷಣ ಮತ್ತೆ ಏರಿಸತ್ತೆ. ಪೆಟ್ರೋಲೂ ಉಳಿಯಲ್ಲ, ಲಾರಿನೂ ದಾಟಕ್ಕಾಗಲ್ಲ. ಘಾಟಿ ಬುಡದ ಗುಂಡ್ಯ ಬಿಟ್ಟ ಕೂಡ್ಲೇ ನಾರ್ಮಲ್‌ಗೆ ಹಾಕಿ, ಸಕಲೇಶಪುರ ಬಂದ್ಮೇಲೆ ಬೇಕಾದ್ರೆ ಮತ್ತೆ ಇಕೋ ಒತ್ಕೊಳಿ.

ಇಳಿಯುವಾಗ ಇನ್ನೊಂದು ವಿಷ್ಯ, ಇದು ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಪೆಟ್ರೋಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಬಿಡೋರು ಇನ್ನೂ ಇದ್ದಾರೆ. ಗೇರಲ್ಲಿಟ್ಟು ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಈಗಿನ ಇಂಜಿನ್ ಪೆಟ್ರೋಲನ್ನ ಪೂರ್ತಿ ನಿಲ್ಲಿಸಿಬಿಡತ್ತೆ, ಚಕ್ರಗಳೇ ಇಂಜಿನ್ ತಿರುಗಿಸ್ತವೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆರದೆ ತನ್ನಷ್ಟಕ್ಕೆ ಓಡೋಕೆ ಪೆಟ್ರೋಲ್ ಸುಡ್ತಾನೇ ಇರತ್ತೆ, ಮೇಲಾಗಿ ಇಂಜಿನ್ ಹಿಡಿತ ತಪ್ಪಿ ಬ್ರೇಕ್ ಕಾದು ಹೋಗತ್ತೆ.

ಇನ್ನು ಹೈವೇಲಿ ಒಂದೇ ಸ್ಪೀಡಲ್ಲಿ ಹೋಗ್ತಿದ್ರೆ ಇಕೋ ಆದ್ರೂ ನಾರ್ಮಲ್ ಆದ್ರೂ ಹೆಚ್ಚುಕಮ್ಮಿ ಒಂದೇ. ಅಲ್ಲಿ ಪೆಟ್ರೋಲ್ ಕುಡಿಯೋದು ಗಾಳಿ. 80ರಿಂದ 100ಕ್ಕೆ ಹೋದ್ರೆ ಗಾಳಿ ತಡೆಯೋ ಬಲ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗತ್ತೆ. ಇಕೋ ಹಾಕ್ಕೊಂಡು 110ರಲ್ಲಿ ಹೊಡೆಯೋದು ಡಯಟ್ ಅಂದ್ಕೊಂಡು ಹೋಳಿಗೆಗೆ ತುಪ್ಪ ಸುರ್ಕೊಂಡ ಹಾಗೆ.

ಪ್ರಶ್ನೆ: ಈ ಮೋಡ್‌ಗಳ ಹೆಸರು ಒಂದು ಕಾರಲ್ಲಿ ಸಿಟಿ ಅಂತಿದೆ, ಇನ್ನೊಂದರಲ್ಲಿ ಜಿಪ್ ಝ್ಯಾಪ್ ಜೂಮ್, ಮತ್ತೊಂದರಲ್ಲಿ ಸ್ನೋ ಮಡ್ ಸ್ಯಾಂಡ್. ತಲೆ ಕೆಟ್ಟೋಯ್ತು.
– ತುಮಕೂರಿನ ಓದುಗರು

ಉತ್ತರ: ಹೆಸರಿಗೆ ಹೆದರ್ಬೇಡಿ ಸರ್. ಟಾಟಾ ನೆಕ್ಸಾನ್‌ನ ಇಕೋ, ಸಿಟಿ, ಸ್ಪೋರ್ಟ್, ಮಹೀಂದ್ರಾ ಎಕ್ಸ್‌ಯುವಿ 700 ಡೀಸೆಲ್‌ನ ಜಿಪ್, ಝ್ಯಾಪ್, ಜೂಮ್, ಎಲ್ಲಾ ಅದೇ ಸಮಾಧಾನ, ಮಧ್ಯಮ, ಚುರುಕು ಅಷ್ಟೇ. ಸ್ನೋ, ಮಡ್, ಸ್ಯಾಂಡ್ ಬೇರೆ ಜಾತಿ, ಅದು ಚಕ್ರ ಜಾರದ ಹಾಗೆ ನೋಡ್ಕೊಳೋಕೆ. ಹ್ಯುಂಡೈ ಕ್ರೆಟಾದಲ್ಲಿ ಅದಿದೆ ಅಂತ ಫೋರ್ ವೀಲ್ ಡ್ರೈವ್ ಅಂದ್ಕೋಬೇಡಿ, ಶಕ್ತಿ ಹೋಗೋದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಮಳೆಗಾಲದಲ್ಲಿ ತೋಟದ ಕೆಸರಲ್ಲಿ ಸ್ವಲ್ಪ ಸಹಾಯ ಆಗ್ಬಹುದು, ಅಚ್ಚು ಮುಳುಗೋ ಅಷ್ಟು ಹೂತ್ಕೊಂಡ್ರೆ ಟ್ರ್ಯಾಕ್ಟರ್ರೇ ಬರ್ಬೇಕು.